ಮೆಗ್ನೀಸಿಯಾ: ಒಂದು ಊರಿನ ಹೆಸರು, ಒಂದು ಕಲ್ಲು, ಎರಡು ಲೋಹ

ರಸಾಯನಶಾಸ್ತ್ರ ಕಲಿಯುವ ಹೆಚ್ಚಿನ ಮಕ್ಕಳು ಒಂದಲ್ಲ ಒಂದು ದಿನ ಮೆಗ್ನೀಸಿಯಂ ಮತ್ತು ಮ್ಯಾಂಗನೀಸ್ ನಡುವೆ ಎಡವುತ್ತಾರೆ. ಒಂದರ ಸಂಕೇತ ಎಂಜಿ, ಇನ್ನೊಂದರದು ಎಂಎನ್. ಒಂದರ ಪರಮಾಣು ಸಂಖ್ಯೆ 12, ಇನ್ನೊಂದರದು 25. ಮೆಗ್ನೀಸಿಯಂ ಬೆಳ್ಳಗೆ ಹೊಳೆಯುವ ಲೋಹ, ಅಲ್ಯೂಮಿನಿಯಂಗಿಂತಲೂ ಹಗುರ. ಮ್ಯಾಂಗನೀಸ್ ಬೂದು ಬಣ್ಣದ್ದು, ಹೆಚ್ಚುಕಡಿಮೆ ಕಬ್ಬಿಣದಷ್ಟೇ ಭಾರ, ಬಡಿದರೆ ಒಡೆದುಹೋಗುತ್ತದೆ. ಗುಣದಲ್ಲಿ ಎರಡಕ್ಕೂ ಹೆಚ್ಚು ನಂಟಿಲ್ಲ. ಹೆಸರು ಮಾತ್ರ ಅವಳಿಗಳಿಗೆ ಇಟ್ಟಂತಿದೆ. ಇದರ ಜೊತೆಗೆ ಮ್ಯಾಗ್ನೆಟ್ ಎನ್ನುವ ಮೂರನೆಯ ಪದ ಬೇರೆ. ಮೆಗ್ನೀಸಿಯಂ ಮ್ಯಾಗ್ನೆಟ್‌ಗೆ ಅಂಟುತ್ತದಾ? ಇಲ್ಲ. ಮ್ಯಾಂಗನೀಸ್? ಅದೂ ಅಂಟುವುದಿಲ್ಲ. ಮತ್ತೆ ಈ ಹೆಸರುಗಳೇಕೆ ಹೀಗಿವೆ?

ಮೂರಕ್ಕೂ ಬೇರು ಒಂದೇ. ಅದು ಮೆಗ್ನೀಸಿಯಾ ಎಂಬ ಹಳೆಯ ಗ್ರೀಕ್ ಸ್ಥಳದ ಹೆಸರು. ಆ ಒಂದು ಹೆಸರು ಎರಡು ಸಾವಿರಕ್ಕೂ ಹೆಚ್ಚು ವರ್ಷ ಅಲೆಯಿತು. ಮೊದಲು ಕಬ್ಬಿಣ ಸೆಳೆಯುವ ಕಲ್ಲಿಗೆ ಅಂಟಿತು. ಆಮೇಲೆ ಗಾಜು ಮಾಡುವವರ ಕರಿ ಪುಡಿಗೆ, ರಸವಾದಿಗಳ ಗುಟ್ಟಿನ ವಸ್ತುವಿಗೆ, ಹೊಟ್ಟೆಗೆ ತೆಗೆದುಕೊಳ್ಳುವ ಬಿಳಿ ಔಷಧಿಗೆ, ಕೊನೆಗೆ ಎರಡು ಬೇರೆ ಬೇರೆ ಲೋಹಗಳಿಗೆ. ಈ ದಾಟುವಿಕೆ ಸುಮ್ನೆ ಆದದ್ದಲ್ಲ. ಪ್ರತಿ ಸಲವೂ ಅದಕ್ಕೊಂದು ಕಾರಣ ಇತ್ತು. ಕಾರಣಗಳು ತಿಳಿದರೆ ಮಕ್ಕಳ ಆ ಗೊಂದಲವೂ ಬಿಡಿಸಿಕೊಳ್ಳುತ್ತದೆ.

ಊರೇ ಒಂದಲ್ಲ

ಮೊದಲ ತೊಡಕು ಊರಿನದೇ. ಗ್ರೀಸ್‌ನ ಥೆಸ್ಸಲಿ ಪ್ರಾಂತ್ಯದ ಪೂರ್ವಕ್ಕೆ, ಪೀಲಿಯನ್ ಬೆಟ್ಟದ ಸುತ್ತ, ಸಮುದ್ರದ ಅಂಚಿಗೆ ಒಂದು ಪ್ರದೇಶವಿದೆ. ಅಲ್ಲಿದ್ದ ಜನರಿಗೆ ಮ್ಯಾಗ್ನೀಟರು ಎಂದು ಹೆಸರು. ಅವರಿಂದ ಆ ನೆಲ ಮೆಗ್ನೀಸಿಯಾ ಆಯಿತು. ಇವತ್ತಿಗೂ ಗ್ರೀಸ್‌ನಲ್ಲಿ ಆ ಹೆಸರಿನ ಆಡಳಿತ ಘಟಕ ಇದೆ. ವೋಲೋಸ್ ಅದರ ಮುಖ್ಯ ಪಟ್ಟಣ.

ಇದೇ ಹೆಸರಿನ ಎರಡು ನಗರಗಳು ಏಜಿಯನ್ ಸಮುದ್ರದ ಆಚೆ, ಇವತ್ತಿನ ಟರ್ಕಿಯಲ್ಲೂ ಇದ್ದವು. ಒಂದು ಮಿಯಾಂಡರ್ ನದಿಯ ಬಯಲಿನದು. ಪರ್ಷಿಯನ್ನರ ವಿರುದ್ಧ ಅಥೆನ್ಸನ್ನು ಗೆಲ್ಲಿಸಿದ ಥೆಮಿಸ್ಟೋಕ್ಲಿಸ್, ತನ್ನವರಿಂದಲೇ ಗಡೀಪಾರಾಗಿ, ಅದೇ ಪರ್ಷಿಯದ ದೊರೆಯ ಆಶ್ರಯ ಪಡೆದು ಕೊನೆಗಾಲ ಕಳೆದದ್ದು ಇಲ್ಲಿ. ಇನ್ನೊಂದು ಸಿಪಿಲಸ್ ಬೆಟ್ಟದ ಬುಡದ ನಗರ. ಕ್ರಿ.ಪೂ. 190ರ ಸುಮಾರಿಗೆ ರೋಮನ್ನರು ದೊರೆ ಮೂರನೆಯ ಆಂಟಿಯೋಕಸ್‌ನನ್ನು ಸೋಲಿಸಿದ ಮೆಗ್ನೀಸಿಯಾ ಕದನ ನಡೆದದ್ದು ಇದರ ಹತ್ತಿರ. ಈ ನಗರ ಈಗಲೂ ಇದೆ, ಮನಿಸಾ ಎಂಬ ಹೆಸರಿನಲ್ಲಿ. ಗಮನಿಸಿ ಕೇಳಿದರೆ ಮನಿಸಾದೊಳಗೆ ಮೆಗ್ನೀಸಿಯಾ ಇನ್ನೂ ಕೇಳಿಸುತ್ತದೆ.

ಇವೆಲ್ಲ ನೆಲದ ಮೇಲಿನ ಊರುಗಳು. ತತ್ವಜ್ಞಾನಿ ಪ್ಲೇಟೋ ತನ್ನ ಮುಪ್ಪಿನಲ್ಲಿ ಕಾಗದದ ಮೇಲೆ ಕಟ್ಟಿದ ಮಾದರಿ ನಗರಕ್ಕೂ ಇದೇ ಹೆಸರು. ಹಾಗಾಗಿ ಹಳೆಯ ಬರಹದಲ್ಲಿ ‘ಮೆಗ್ನೀಸಿಯಾದ ಕಲ್ಲು’ ಎಂದು ಕಂಡರೆ, ಯಾವ ಮೆಗ್ನೀಸಿಯಾ ಎಂದು ಮೊದಲು ಕೇಳಬೇಕು. ಆ ಕಾಲದವರಿಗೇ ಅದು ಖಚಿತವಿರಲಿಲ್ಲ.

ಕಬ್ಬಿಣ ಸೆಳೆಯುವ ಕಲ್ಲು

ನೆಲದಲ್ಲಿ ಸಿಗುವ ಒಂದು ಜಾತಿಯ ಕಬ್ಬಿಣದ ಅದಿರಿಗೆ ತಾನಾಗಿಯೇ ಕಬ್ಬಿಣ ಸೆಳೆಯುವ ಶಕ್ತಿ ಇರುತ್ತದೆ. ಗ್ರೀಕರು ಇದನ್ನು ಗಮನಿಸಿ ಬೆರಗಾಗಿದ್ದರು. ಕ್ರಿ.ಪೂ. 6ನೇ ಶತಮಾನದ ಥೇಲಿಸ್, ಕಬ್ಬಿಣವನ್ನು ಅಲ್ಲಾಡಿಸುತ್ತದೆ ಎಂದ ಮೇಲೆ ಈ ಕಲ್ಲಿಗೆ ಆತ್ಮ ಇರಲೇಬೇಕು ಎಂದನಂತೆ. ಅವನ ಈ ಮಾತನ್ನು ನಮಗೆ ತಲುಪಿಸಿದವನು ಅರಿಸ್ಟಾಟಲ್. ಪ್ಲೇಟೋನ ಒಂದು ಸಂವಾದದಲ್ಲಿ ಸಾಕ್ರಟೀಸ್ ಈ ಕಲ್ಲಿನ ಎರಡು ಹೆಸರು ಹೇಳುತ್ತಾನೆ. ನಾಟಕಕಾರ ಯೂರಿಪಿಡೀಸ್ ಇದನ್ನು ಮೆಗ್ನೀಸಿಯಾದ ಕಲ್ಲು ಎನ್ನುತ್ತಾನೆ, ಉಳಿದ ಜನ ಹೆರಾಕ್ಲಿಯದ ಕಲ್ಲು ಎನ್ನುತ್ತಾರೆ ಎಂದು. ಅಂದರೆ ಆಗ ಮೆಗ್ನೀಸಿಯಾದ ಹೆಸರು ಇನ್ನೂ ಗೆದ್ದಿರಲಿಲ್ಲ.

ಹೆಸರಿನ ಹುಟ್ಟಿನ ಬಗ್ಗೆ ಎರಡು ಕಥೆಗಳಿವೆ. ಕ್ರಿ.ಪೂ. 1ನೇ ಶತಮಾನದ ರೋಮನ್ ಕವಿ ಲುಕ್ರೀಷಿಯಸ್, ಮ್ಯಾಗ್ನೀಟರ ನಾಡಿನಲ್ಲಿ ಹುಟ್ಟಿದ್ದರಿಂದ ಕಲ್ಲಿಗೆ ಆ ಹೆಸರು ಬಂತು ಎಂದು ನೇರವಾಗಿ ಹೇಳುತ್ತಾನೆ. ನೂರು ವರ್ಷದ ಮೇಲೆ ಬಂದ ರೋಮನ್ ಬರಹಗಾರ ಪ್ಲಿನಿ ಕುರುಬನ ಕಥೆಯೊಂದನ್ನು ದಾಖಲಿಸುತ್ತಾನೆ. ಮ್ಯಾಗ್ನಿಸ್ ಎಂಬ ಕುರುಬ ಮಂದೆ ಮೇಯಿಸುವಾಗ ಅವನ ಕೆರದ ಮೊಳೆಗಳು ಮತ್ತು ಕೋಲಿನ ತುದಿ ನೆಲಕ್ಕೆ ಅಂಟಿಕೊಂಡವಂತೆ. ಕುರುಬನ ಕಥೆ ಚೆನ್ನಾಗಿದೆ, ಅದಕ್ಕೇ ಈಗಲೂ ಎಲ್ಲೆಡೆ ಓಡಾಡುತ್ತಿದೆ. ಆದರೆ ಹೆಸರು ಮೊದಲು ಹುಟ್ಟಿ, ಅದಕ್ಕೆ ತಕ್ಕ ಮನುಷ್ಯನನ್ನು ಆಮೇಲೆ ಹುಡುಕಿದ ಲಕ್ಷಣ ಅದರಲ್ಲಿ ಎದ್ದು ಕಾಣುತ್ತದೆ. ಲುಕ್ರೀಷಿಯಸ್‌ನ ಮಾತೇ ನಂಬುವಂಥದ್ದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮುಂದಿನ ಗೊಂದಲವೆಲ್ಲ ಹುಟ್ಟುವುದು ಇದರಿಂದಲೇ. ಕನ್ನಡದಲ್ಲಿ ಈ ಕಲ್ಲಿಗೆ ಸೂಜಿಗಲ್ಲು ಎನ್ನುತ್ತೇವೆ, ಅಯಸ್ಕಾಂತ ಎನ್ನುತ್ತೇವೆ. ಸೂಜಿ ಸೆಳೆಯುವ ಕಲ್ಲು, ಕಬ್ಬಿಣಕ್ಕೆ ಪ್ರಿಯವಾದದ್ದು. ಎರಡೂ ಹೆಸರು ಆ ಕಲ್ಲು ಏನು ಮಾಡುತ್ತದೆ ಎಂದು ಹೇಳುತ್ತವೆ. ಗ್ರೀಕರ ಹೆಸರು ಎಲ್ಲಿಂದ ಬಂತು ಎಂದಷ್ಟೇ ಹೇಳುತ್ತದೆ. ಸೆಳೆಯದ ಕಲ್ಲನ್ನು ಯಾರೂ ಸೂಜಿಗಲ್ಲು ಎನ್ನುವುದಿಲ್ಲ. ಆದರೆ ಮೆಗ್ನೀಸಿಯಾದಿಂದ ಬಂದ ಯಾವ ಕಲ್ಲನ್ನಾದರೂ ಮೆಗ್ನೀಸಿಯಾದ ಕಲ್ಲು ಎನ್ನಬಹುದು, ಅಲ್ವಾ?

ಹಾಗೇ ಆಯಿತು. ಅರಿಸ್ಟಾಟಲ್‌ನ ಶಿಷ್ಯ ಥಿಯೋಫ್ರಾಸ್ಟಸ್ ಕಲ್ಲುಗಳ ಬಗ್ಗೆ ಬರೆಯುತ್ತಾ ಒಂದು ‘ಮೆಗ್ನೀಸಿಯಾದ ಕಲ್ಲ’ನ್ನು ವರ್ಣಿಸುತ್ತಾನೆ. ಅದು ಬೆಳ್ಳಿಯ ಹಾಗೆ ಹೊಳೆಯುತ್ತದೆ, ಅದನ್ನು ಕಡೆದು ವಸ್ತುಗಳನ್ನು ಮಾಡಬಹುದು. ಇದು ಸೂಜಿಗಲ್ಲಂತೂ ಅಲ್ಲ. ಬಳಪದ ಕಲ್ಲಿನಂಥ ಮೆದು ಕಲ್ಲಿರಬೇಕು. ಪ್ಲಿನಿ ಮ್ಯಾಗ್ನೆಟ್ ಕಲ್ಲಿನಲ್ಲಿ ಐದು ಬಗೆ ಎಣಿಸುತ್ತಾನೆ, ಅವುಗಳಲ್ಲಿ ಗಂಡು ಹೆಣ್ಣು ಎಂದೂ ಭೇದ ಮಾಡುತ್ತಾನೆ. ಏಷ್ಯಾದ ಮೆಗ್ನೀಸಿಯಾದ್ದು ಎಲ್ಲಕ್ಕಿಂತ ಕಳಪೆ, ಬೆಳ್ಳಗಿರುತ್ತದೆ, ಕಬ್ಬಿಣ ಸೆಳೆಯುವುದೇ ಇಲ್ಲ ಎನ್ನುತ್ತಾನೆ. ಸೆಳೆಯದಿದ್ದರೂ ಅದು ಅವನಿಗೆ ಮ್ಯಾಗ್ನೆಟ್ ಕಲ್ಲೇ. ಕಪ್ಪು ಕಲ್ಲು, ಬಿಳಿ ಕಲ್ಲು, ಸೆಳೆಯುವುದು, ಸೆಳೆಯದಿರುವುದು, ಎಲ್ಲಕ್ಕೂ ಆಗಲೇ ಒಂದೇ ಹೆಸರು ಬಿದ್ದಿತ್ತು.

ಗಾಜಿನ ಕುಲುಮೆಯಲ್ಲಿ

ಈ ಹೆಸರು ಮ್ಯಾಂಗನೀಸ್‌ಗೆ ದಾಟಿದ್ದು ಗಾಜು ಮಾಡುವವರ ಕೈಯಲ್ಲಿ. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಗಾಜಿಗೆ ಮುಖ್ಯ ಸರಕು ಮರಳು. ಮರಳಿನಲ್ಲಿ ಸ್ವಲ್ಪವಾದರೂ ಕಬ್ಬಿಣದ ಅಂಶ ಇದ್ದೇ ಇರುತ್ತದೆ. ಅದರಿಂದ ಗಾಜು ಹಸಿರಾಗುತ್ತದೆ. ಹಳೆಯ ಸೀಸೆಗಳ ಹಸಿರು ಬಣ್ಣ ಬರುವುದು ಇದರಿಂದಲೇ. ತಿಳಿಯಾದ ಗಾಜು ಬೇಕೆಂದರೆ ಈ ಹಸಿರನ್ನು ಹೇಗಾದರೂ ಕಳೆಯಬೇಕು. ಕರಗಿದ ಗಾಜಿಗೆ ಒಂದು ಕರಿ ಕಲ್ಲಿನ ಪುಡಿ ಹಾಕಿದರೆ ಬಣ್ಣ ಹೋಗುತ್ತದೆ ಎಂದು ಕುಶಲಕರ್ಮಿಗಳು ಕಂಡುಕೊಂಡರು. ಗಾಜಿಗೆ ಮ್ಯಾಗ್ನೆಟ್ ಕಲ್ಲನ್ನೂ ಸೇರಿಸುತ್ತಾರೆ, ಅದು ಕಬ್ಬಿಣವನ್ನು ಸೆಳೆಯುವ ಹಾಗೆ ಗಾಜಿನ ದ್ರವವನ್ನೂ ಸೆಳೆಯುತ್ತದೆಂಬ ನಂಬಿಕೆ ಇದೆ ಎಂದು ಪ್ಲಿನಿ ಬರೆಯುತ್ತಾನೆ.

ಈಗ ಯೋಚಿಸಿ. ನಿಜವಾದ ಸೂಜಿಗಲ್ಲು ಕಬ್ಬಿಣದ ಅದಿರು. ಅದನ್ನು ಗಾಜಿಗೆ ಹಾಕಿದರೆ ಕಬ್ಬಿಣ ಇನ್ನೂ ಜಾಸ್ತಿಯಾಗಿ ಬಣ್ಣ ಕಡುವಾಗಬೇಕು, ತಿಳಿಯಾಗಬಾರದು. ಬಣ್ಣ ತೆಗೆಯುವ ಗುಣ ಇರುವುದು ಇನ್ನೊಂದು ಕರಿ ಕಲ್ಲಿಗೆ, ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್‌ಗೆ. ಎರಡೂ ಕಪ್ಪು, ಎರಡೂ ಭಾರ. ಕಣ್ಣಿಗೆ ಒಂದೇ ಥರ. ಪರೀಕ್ಷೆ ಮಾಡುವ ರಸಾಯನಶಾಸ್ತ್ರ ಇಲ್ಲದ ಕಾಲದಲ್ಲಿ ಒಂದರ ಹೆಸರು ಇನ್ನೊಂದಕ್ಕೆ ಬೀಳುವುದು ಸಹಜ.

ಆ ಪುಡಿ ಕೆಲಸ ಮಾಡುವ ರೀತಿ ಚೆನ್ನಾಗಿದೆ. ಮ್ಯಾಂಗನೀಸ್ ಡೈಆಕ್ಸೈಡ್ ತನ್ನಲ್ಲಿರುವ ಆಕ್ಸಿಜನ್ನಿನಲ್ಲಿ ಒಂದಿಷ್ಟನ್ನು ಕಬ್ಬಿಣಕ್ಕೆ ಬಿಟ್ಟುಕೊಡುತ್ತದೆ. ಆಗ ಕಬ್ಬಿಣ ಹಸಿರು ಕೊಡುವ ರೂಪದಿಂದ ತೆಳು ಹಳದಿ ರೂಪಕ್ಕೆ ಬದಲಾಗುತ್ತದೆ. ಮ್ಯಾಂಗನೀಸ್ ತಾನೇ ಗಾಜಿಗೆ ನಸು ನೇರಳೆ ಬಣ್ಣ ಕೊಡುತ್ತದೆ. ಹಳದಿ ಮತ್ತು ನೇರಳೆ ಒಂದನ್ನೊಂದು ಮುಚ್ಚಿಹಾಕುವ ಬಣ್ಣಗಳು. ಕಣ್ಣಿಗೆ ಗಾಜು ತಿಳಿಯಾಗಿ ಕಾಣುತ್ತದೆ. ಪುಡಿ ಹೆಚ್ಚಾದರೆ ಇಡೀ ಗಾಜೇ ನೇರಳೆಯಾಗುತ್ತದೆ. ಈ ಪುಡಿ ಹಾಕಿ ಮಾಡಿದ ಹಳೆಯ ಕಿಟಕಿ ಗಾಜುಗಳು, ಬಾಟಲಿಗಳು ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿಕೊಂಡರೆ ನಿಧಾನವಾಗಿ ನೇರಳೆಗೆ ತಿರುಗುತ್ತವೆ. ಬಿಸಿಲಿನ ನೇರಳಾತೀತ ಕಿರಣ ಒಳಗಿನ ಮ್ಯಾಂಗನೀಸನ್ನು ಬಣ್ಣದ ರೂಪಕ್ಕೆ ಮರಳಿಸುತ್ತದೆ. ಗಾಜು ಮಾಡುವವರು ಈ ಪುಡಿಯನ್ನು ಗಾಜಿನ ಸಾಬೂನು ಎಂದೇ ಕರೆಯುತ್ತಿದ್ದರು. ಮುಂದೆ ಖನಿಜಶಾಸ್ತ್ರಜ್ಞರು ಇದಕ್ಕೆ ಪೈರೋಲುಸೈಟ್ ಎಂದು ಹೆಸರಿಟ್ಟರು. ಗ್ರೀಕ್‌ನ ‘ಬೆಂಕಿ’ ಮತ್ತು ‘ತೊಳೆ’ ಎಂಬ ಎರಡು ಪದ ಕೂಡಿ ಆದದ್ದು ಅದು.

13ನೇ ಶತಮಾನದ ಜರ್ಮನ್ ವಿದ್ವಾಂಸ ಆಲ್ಬರ್ಟಸ್ ಮ್ಯಾಗ್ನಸ್ ಬರೆಯುವ ಹೊತ್ತಿಗೆ ಹೆಸರುಗಳು ಸ್ವಲ್ಪ ಬೇರ್ಪಟ್ಟಿವೆ. ಕಬ್ಬಿಣ ಸೆಳೆಯುವುದು ಮ್ಯಾಗ್ನಿಸ್. ಗಾಜಿನವರು ಬಳಸುವ ಕರಿ ಕಲ್ಲು ಮೆಗ್ನೀಸಿಯಾ. ಇಟಲಿಯ ಕುಲುಮೆಗಳ ಆಡುಮಾತಿನಲ್ಲಿ ಮೆಗ್ನೀಸಿಯಾದ ಅಕ್ಷರಗಳು ಸ್ಥಾನ ಬದಲಿಸಿಕೊಂಡು ಅದು ‘ಮಂಗನೇಸೆ’ ಆಯಿತು. 16ನೇ ಶತಮಾನದ ಇಟಾಲಿಯನ್ ಬರಹಗಳಲ್ಲಿ ಈ ರೂಪ ಸಿಗುತ್ತದೆ. ನಮ್ಮ ಮ್ಯಾಂಗನೀಸ್ ಹುಟ್ಟಿದ್ದು ಹೀಗೆ. ಕೆಲಸಗಾರರ ಬಾಯಲ್ಲಿ ಸವೆದ ಊರಿನ ಹೆಸರು ಅದು.

ರಸವಾದಿಗಳ ಮೆಗ್ನೀಸಿಯಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಈ ಪದವನ್ನು ಯಾವುದೋ ಒಂದು ಕಲ್ಲಿಗೆ ಮೀಸಲಿಡಲಿಲ್ಲ. ಚಿನ್ನ ಮಾಡುವ ದಾರಿಯಲ್ಲಿ ಸಿಗುವ ಗುಟ್ಟಿನ ವಸ್ತು, ಮಿಶ್ರಲೋಹ, ಕೊನೆಗೆ ನಾಲ್ಕು ಭೂತಗಳಿಂದ ಆದ ನೀರು, ಹೀಗೆ ಒಬ್ಬೊಬ್ಬರದು ಒಂದೊಂದು ಅರ್ಥ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್, ಗೊತ್ತಿಲ್ಲದ್ದನ್ನು ಇನ್ನೂ ಗೊತ್ತಿಲ್ಲದ್ದರಿಂದ ವಿವರಿಸುವ ಈ ಚಾಳಿಯನ್ನು ತೋರಿಸಲು ಬಳಸಿದ ಪದಗಳಲ್ಲಿ ಇದೂ ಒಂದು.

ಕಪ್ಪಿನ ಎದುರು ಬಿಳಿ

18ನೇ ಶತಮಾನದ ಆರಂಭದಲ್ಲಿ ರೋಮ್‌ನಲ್ಲಿ ಒಂದು ಬಿಳಿ ಪುಡಿ ಗುಟ್ಟಿನ ಔಷಧಿಯಾಗಿ ಮಾರಾಟವಾಗುತ್ತಿತ್ತು. ಹೊಟ್ಟೆ ಸಡಿಲ ಮಾಡಲು, ಹುಳಿ ಏರಿದ್ದನ್ನು ಇಳಿಸಲು ಅದನ್ನು ಕೊಡುತ್ತಿದ್ದರು. ಆಗ ಔಷಧಿಕಾರರ ಬಳಿ ಮೆಗ್ನೀಸಿಯಾ ಎಂದರೆ ಗಾಜಿನವರ ಕರಿ ಪುಡಿ, ಅದು ಕಪ್ಪು ಮೆಗ್ನೀಸಿಯಾ. ಇದಕ್ಕೆ ಬಿಳಿ ಮೆಗ್ನೀಸಿಯಾ ಎಂಬ ಹೆಸರು ಬಂತು. ನಾವು ಈಗ ಮೆಗ್ನೀಸಿಯಂ ಕಾರ್ಬೊನೇಟ್ ಎನ್ನುವುದು ಇದನ್ನೇ. ಕಪ್ಪಿನೊಳಗೂ ಬಿಳಿಯೊಳಗೂ ಇರುವ ಲೋಹ ಬೇರೆ ಬೇರೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಲೋಹ ಇದೆ ಎಂಬುದೇ ಗೊತ್ತಿರಲಿಲ್ಲ.

ಬಿಳಿ ಪುಡಿಯನ್ನು ಗಂಭೀರವಾಗಿ ಪರೀಕ್ಷಿಸಿದವರು ಸ್ಕಾಟ್ಲೆಂಡಿನ ವೈದ್ಯ ಜೋಸೆಫ್ ಬ್ಲ್ಯಾಕ್. ಮೂತ್ರಕೋಶದ ಕಲ್ಲಿಗೆ ಸುಣ್ಣದ ನೀರಿಗಿಂತ ಮೆದುವಾದ ಔಷಧಿ ಸಿಗಬಹುದೇ ಎಂಬ ಹುಡುಕಾಟ ಅವರನ್ನು ಇಲ್ಲಿಗೆ ತಂದಿತ್ತು. ಅವರು ಪುಡಿಯನ್ನು ಚೆನ್ನಾಗಿ ಕಾಯಿಸಿದರು, ತೂಗಿದರು. ತೂಕ ಕಡಿಮೆಯಾಗಿತ್ತು. ಏನೋ ಒಂದು ಗಾಳಿ ಹೊರಗೆ ಹೋಗಿತ್ತು. ಆ ಗಾಳಿಯೇ ಈಗ ನಾವು ಹೇಳುವ ಕಾರ್ಬನ್ ಡೈಆಕ್ಸೈಡ್. 1756ರಲ್ಲಿ ಅಚ್ಚಾದ ಈ ಪ್ರಯೋಗಗಳು ರಸಾಯನಶಾಸ್ತ್ರದಲ್ಲಿ ತಕ್ಕಡಿಗೆ ದೊಡ್ಡ ಸ್ಥಾನ ಕೊಟ್ಟವು. ಬಿಳಿ ಮೆಗ್ನೀಸಿಯಾ ಸುಣ್ಣದ ಇನ್ನೊಂದು ಬಗೆಯಲ್ಲ, ಅದೇ ಬೇರೆ ವಸ್ತು ಎಂದೂ ಅವರು ತೋರಿಸಿದರು.

ಕಪ್ಪು ಪುಡಿಯ ಸರದಿ 1774ರಲ್ಲಿ ಬಂತು. ಸ್ವೀಡನ್ನಿನ ಔಷಧಿಕಾರ ಕಾರ್ಲ್ ಶೀಲೆ ಅದನ್ನು ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಕಾಯಿಸಿದಾಗ ಉಸಿರುಗಟ್ಟಿಸುವ ಹಳದಿ-ಹಸಿರು ಅನಿಲ ಎದ್ದಿತು. ಅದು ಕ್ಲೋರಿನ್. ಕರಿ ಪುಡಿಯೊಳಗೆ ಹೊಸ ಲೋಹವೊಂದು ಇರಬೇಕೆಂದು ಅವರಿಗೆ ಅನಿಸಿತ್ತು. ಅದೇ ವರ್ಷ ಅವರ ಸ್ನೇಹಿತ ಯೋಹಾನ್ ಗಾನ್ ಇದ್ದಿಲಿನ ಜೊತೆ ಬಲವಾಗಿ ಕಾಯಿಸಿ ಆ ಲೋಹವನ್ನು ಹೊರತೆಗೆದರು.

ಹೊಸ ಲೋಹಕ್ಕೆ ಏನು ಹೆಸರು? ಮೆಗ್ನೀಸಿಯಾದಿಂದ ಬಂದದ್ದು, ಹಾಗಾಗಿ ಮೆಗ್ನೀಸಿಯಂ ಎಂದು ಕೆಲವರು ಕರೆದರು. ಗಮನವಿಡಿ. ನಾವು ಇವತ್ತು ಮ್ಯಾಂಗನೀಸ್ ಎನ್ನುವ ಲೋಹಕ್ಕೆ ಆಗ ಹಾಗೆ ಹೆಸರಿತ್ತು. ಆ ಕಾಲದ ಪುಸ್ತಕದಲ್ಲಿ ಮೆಗ್ನೀಸಿಯಂ ಎಂದು ಕಂಡರೆ ಇಂದಿನ ಅರ್ಥದಲ್ಲಿ ಓದಬಾರದು.

1808ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ಬಿಳಿ ಮೆಗ್ನೀಸಿಯಾಕ್ಕೆ ಪಾದರಸದ ಸಹಾಯದಿಂದ ವಿದ್ಯುತ್ ಹಾಯಿಸಿ ಅದರೊಳಗಿನ ಲೋಹವನ್ನು ಬೇರ್ಪಡಿಸಿದರು. ಅದೇ ವರ್ಷ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ಕೂಡ ಅವರ ಕೈಗೆ ಸಿಕ್ಕವು. ಬಿಳಿ ಮೆಗ್ನೀಸಿಯಾದ ಲೋಹಕ್ಕೆ ಮೆಗ್ನೀಸಿಯಂ ಎನ್ನುವುದು ಸಹಜವಾಗಿತ್ತು, ಆದರೆ ಆ ಹೆಸರು ಆಗಲೇ ಬಳಕೆಯಲ್ಲಿತ್ತು. ಅದಕ್ಕೆ ಡೇವಿ ‘ಮ್ಯಾಗ್ನಿಯಂ’ ಎಂದು ಹೆಸರಿಟ್ಟರು. ಜನ ಒಪ್ಪಲಿಲ್ಲ. ನಾಲ್ಕು ವರ್ಷದ ಮೇಲೆ, 1812ರಲ್ಲಿ, ಡೇವಿ ಸ್ವತಃ ಮೆಗ್ನೀಸಿಯಂ ಎಂದು ಬರೆದರು. ಕಪ್ಪು ಪುಡಿಯ ಲೋಹ ಇಟಲಿಯ ಕುಲುಮೆಯ ಹೆಸರನ್ನು ಉಳಿಸಿಕೊಂಡು ಮ್ಯಾಂಗನೀಸ್ ಆಯಿತು. ಡೇವಿಯ ಮೊದಲ ಆಯ್ಕೆ ಪೂರ್ತಿ ಸಾಯಲಿಲ್ಲ. ರಷ್ಯನ್ ಭಾಷೆಯಲ್ಲಿ ಈ ಲೋಹಕ್ಕೆ ಇಂದಿಗೂ ಮಾಗ್ನಿ ಎನ್ನುತ್ತಾರೆ.

ಮ್ಯಾಗ್ನಿಯಂ ಉಳಿದಿದ್ದರೆ ಚೆನ್ನಾಗಿತ್ತು ಎಂದು ನನಗನಿಸುತ್ತದೆ. ಮ್ಯಾಗ್ನಿಯಂ, ಮ್ಯಾಂಗನೀಸ್ ಎಂದರೂ ಹತ್ತಿರದ ಹೆಸರುಗಳೇ ನಿಜ. ಆದರೆ ‘ಮೆಗ್ನೀಸಿಯಂ’ ಒಂದು ಕಾಲದಲ್ಲಿ ಒಂದು ಲೋಹ, ಇನ್ನೊಂದು ಕಾಲದಲ್ಲಿ ಇನ್ನೊಂದು ಲೋಹ ಎಂಬ ಎರಡರ್ಥ ತಪ್ಪುತ್ತಿತ್ತು.

ಈಗ ಯಾವ ಪದಕ್ಕೆ ಏನು ಅರ್ಥ

ಇವತ್ತು ಮೆಗ್ನೀಸಿಯಾ ಎಂದರೆ ರಸಾಯನಶಾಸ್ತ್ರದಲ್ಲಿ ಮೆಗ್ನೀಸಿಯಂ ಆಕ್ಸೈಡ್. ಸುಮಾರು 2,800 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದ ಬಿಳಿ ವಸ್ತು ಅದು. ಅದಕ್ಕೇ ಉಕ್ಕಿನ ಕುಲುಮೆಗಳ ಒಳಗೋಡೆಯ ಇಟ್ಟಿಗೆಗೆ ಬೇಕು. ಮೆಗ್ನೀಸಿಯಾ ಹಾಲು ಎಂದರೆ ಬೇರೆ, ಅದು ನೀರಿನಲ್ಲಿ ತೇಲುವ ಮೆಗ್ನೀಸಿಯಂ ಹೈಡ್ರಾಕ್ಸೈಡ್. 1873ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಫಿಲಿಪ್ಸ್ ಅದಕ್ಕೆ ಪೇಟೆಂಟ್ ಪಡೆದರು. ಹಾಲಿನ ಅಂಶ ಅದರಲ್ಲಿಲ್ಲ, ಬಣ್ಣ ಮಾತ್ರ. ಜಿಮ್ನಾಸ್ಟರು, ಭಾರ ಎತ್ತುವವರು, ಬಂಡೆ ಹತ್ತುವವರು ಕೈಗೆ ಬಳಿದುಕೊಳ್ಳುವ ಪುಡಿ ಮೆಗ್ನೀಸಿಯಂ ಕಾರ್ಬೊನೇಟ್, ಅಂದರೆ ಹಳೆಯ ಬಿಳಿ ಮೆಗ್ನೀಸಿಯಾವೇ. ಜರ್ಮನಿಯ ಜಿಮ್‌ಗಳಲ್ಲಿ ಅದನ್ನು ಮೆಗ್ನೀಸಿಯಾ ಎಂದೇ ಕರೆಯುತ್ತಾರೆ. ಮೆಗ್ನೀಸಿಯಂ ಸಲ್ಫೇಟ್‌ಗೆ ಮಾತ್ರ ಇನ್ನೊಂದು ಊರಿನ ಹೆಸರು ಬಿತ್ತು. ಇಂಗ್ಲೆಂಡಿನ ಎಪ್ಸಮ್ ಊರಿನ ಕಹಿ ನೀರಿನ ಬುಗ್ಗೆಯಿಂದ ಸಿಕ್ಕಿದ್ದಕ್ಕೆ ಅದು ಎಪ್ಸಮ್ ಉಪ್ಪು. 1695ರಲ್ಲಿ ನೆಹೆಮಯಾ ಗ್ರೂ ಆ ಉಪ್ಪಿನ ಬಗ್ಗೆ ಬರೆದರು.

ಮೆಗ್ನೀಸಿಯಂ ಲೋಹವಾಗಿ ಹೆಸರಾದದ್ದು ಬೆಳಕಿಗೆ. ಕಿಡಿ ಹತ್ತಿದರೆ ಕಣ್ಣು ಕುಕ್ಕುವ ಬಿಳಿ ಬೆಳಕಿನಲ್ಲಿ ಉರಿಯುತ್ತದೆ. 1887ರಲ್ಲಿ ಜರ್ಮನಿಯಲ್ಲಿ ಬಂದ ಫ್ಲ್ಯಾಶ್ ಪುಡಿಯಲ್ಲಿ ಇದೇ ಇತ್ತು. ಕತ್ತಲೆ ಕೋಣೆಯಲ್ಲೂ ಫೋಟೋ ತೆಗೆಯಬಹುದಾಯಿತು. ಈ ಬೆಂಕಿಗೆ ನೀರು ಹಾಕಬಾರದು. ಉರಿಯುವ ಮೆಗ್ನೀಸಿಯಂ ನೀರನ್ನೇ ಒಡೆದು ಹೈಡ್ರೋಜನ್ ಬಿಡಿಸುತ್ತದೆ, ಬೆಂಕಿ ಇನ್ನೂ ಏರುತ್ತದೆ. ಕಾರ್ಬನ್ ಡೈಆಕ್ಸೈಡ್‌ನಲ್ಲೂ ಅದು ಉರಿಯುತ್ತದೆ. ಒಣ ಮರಳೇ ದಾರಿ.

ಮ್ಯಾಂಗನೀಸ್‌ನ ಬದುಕು ಬೇರೆ. ಸುಮಾರು 17,000 ವರ್ಷ ಹಿಂದಿನ ಲಾಸ್ಕೋ ಗುಹೆಯ ಚಿತ್ರಗಳ ಕರಿ ಬಣ್ಣದಲ್ಲಿ ಅದರ ಆಕ್ಸೈಡ್ ಇದೆ. ಸಾಮಾನ್ಯ ಟಾರ್ಚ್ ಸೆಲ್ ಒಡೆದರೆ ಕಾಣುವ ಕರಿ ಪುಡಿಯಲ್ಲೂ ಅದೇ. 1866ರಲ್ಲಿ ಫ್ರಾನ್ಸ್‌ನ ಲೆಕ್ಲಾಂಶೆ ಮಾಡಿದ ಬ್ಯಾಟರಿಯ ವಂಶ ಅದು. ಸಮುದ್ರದ ತಳದಲ್ಲಿ ಇದರ ಉಂಡೆಗಳು ಹರಡಿ ಬಿದ್ದಿವೆ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗಿನವರು ಅವನ್ನು ಮೇಲೆತ್ತಿದರು. ನೂರು ವರ್ಷದ ನಂತರ, 1974ರಲ್ಲಿ, ಮುಳುಗಿದ್ದ ಸೋವಿಯತ್ ಜಲಾಂತರ್ಗಾಮಿಯೊಂದನ್ನು ಗುಟ್ಟಾಗಿ ಎತ್ತಲು ಹೋದ ಅಮೆರಿಕದ ಗೂಢಚಾರರು, ತಾವು ಮ್ಯಾಂಗನೀಸ್ ಉಂಡೆ ಹೆಕ್ಕಲು ಬಂದಿದ್ದೇವೆ ಎಂದು ಜಗತ್ತಿಗೆ ಹೇಳಿದ್ದರು. ನೆಪಕ್ಕೂ ಒಂದು ಲೋಹ ಬೇಕಾಯಿತು.

ಮ್ಯಾಗ್ನೆಟ್ ಪದದ ಕುಟುಂಬ ಎಲ್ಲಕ್ಕಿಂತ ದೊಡ್ಡದು. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ತೋರಿಸಿದ ಮೇಲೆ ಈ ಪದ ಕಲ್ಲನ್ನು ಬಿಟ್ಟು ಹೊರಬಂತು. ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಮ್ಯಾಗ್ನೆಟೋ, ಮೈಕ್ರೋವೇವ್ ಒಲೆಯೊಳಗಿನ ಮ್ಯಾಗ್ನೆಟ್ರಾನ್, ಅಪಾರ ಕಾಂತಶಕ್ತಿಯ ಮ್ಯಾಗ್ನೆಟಾರ್ ನಕ್ಷತ್ರಗಳು, ಆಸ್ಪತ್ರೆಯ ಎಂಆರ್‌ಐನ ಮೊದಲಕ್ಷರ, ಎಲ್ಲವೂ ಇದರದೇ ಕವಲು. ಜನರನ್ನು ಸೆಳೆಯುವ ವ್ಯಕ್ತಿಯನ್ನು ಮ್ಯಾಗ್ನೆಟ್ ಎನ್ನುವ ಬಳಕೆಯೂ ಇದೆ. 18ನೇ ಶತಮಾನದಲ್ಲಿ ಫ್ರಾಂಟ್ಸ್ ಮೆಸ್ಮರ್, ಪ್ರಾಣಿಗಳ ದೇಹದಲ್ಲೂ ಒಂದು ಕಾಂತಶಕ್ತಿ ಹರಿಯುತ್ತದೆ, ಅದರಿಂದ ರೋಗ ವಾಸಿ ಮಾಡಬಹುದು ಎಂದ. 1784ರಲ್ಲಿ ಫ್ರಾನ್ಸ್‌ನ ದೊರೆ ನೇಮಿಸಿದ ಸಮಿತಿ ಅದನ್ನು ಪರೀಕ್ಷಿಸಿ, ಅಂಥ ಶಕ್ತಿ ಇಲ್ಲ, ಇದು ಬರೀ ಕಲ್ಪನೆಯ ಫಲ ಎಂದಿತು. ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಲವಾಸಿಯೆ ಇದ್ದರು.

ಹೆಸರಿನವರು ಮತ್ತೆ ಸೇರಿದಾಗ

ಹೆಸರಿನಿಂದ ಮಾತ್ರ ನಂಟಾದ ಈ ಮೂರು ನಿಜಕ್ಕೂ ಒಂದೆಡೆ ಸೇರುವುದುಂಟಾ? ಉಂಟು.

ಕಬ್ಬಿಣಕ್ಕೆ ಸುಮಾರು 12–13 ಶೇಕಡ ಮ್ಯಾಂಗನೀಸ್ ಮತ್ತು ಸ್ವಲ್ಪ ಇಂಗಾಲ ಬೆರೆಸಿ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಒಂದು ಉಕ್ಕು ಮಾಡಿದರು. ಏಟು ಬಿದ್ದಷ್ಟೂ ಗಟ್ಟಿಯಾಗುವ ಉಕ್ಕು ಅದು. ರೈಲು ಹಳಿ ಕೂಡುವ ಜಾಗದಲ್ಲಿ, ಕಲ್ಲು ಪುಡಿ ಮಾಡುವ ಯಂತ್ರಗಳಲ್ಲಿ ಬಳಸುತ್ತಾರೆ. ಅದರಲ್ಲಿ ಬಹುಪಾಲು ಕಬ್ಬಿಣವೇ ಇದ್ದರೂ ಅಯಸ್ಕಾಂತ ಅದನ್ನು ಹಿಡಿಯುವುದಿಲ್ಲ. ಮ್ಯಾಂಗನೀಸ್ ಅಲ್ಲಿ ಕಬ್ಬಿಣದ ಕಾಂತ ಗುಣವನ್ನೇ ಕಳೆಯಿತು. ಮುಂದೆ 1903ರಲ್ಲಿ ಜರ್ಮನಿಯ ಫ್ರೀಡ್ರಿಷ್ ಹಾಯ್ಸ್ಲರ್ ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡರು. ತಾಮ್ರ, ಅಲ್ಯೂಮಿನಿಯಂ, ಮ್ಯಾಂಗನೀಸ್ ಮೂರೂ ಅಯಸ್ಕಾಂತಕ್ಕೆ ಅಂಟದ ಲೋಹಗಳು. ಅವನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಬರುವ ಮಿಶ್ರಲೋಹ ಕಬ್ಬಿಣದ ಹಾಗೆ ಕಾಂತವಾಗುತ್ತದೆ. ಅಲ್ಲಿ ಮುಖ್ಯ ಪಾತ್ರ ಮ್ಯಾಂಗನೀಸ್‌ನದು. ಬರೀ ಮ್ಯಾಂಗನೀಸ್ ಲೋಹದಲ್ಲಿ ಪರಮಾಣುಗಳು ತೀರ ಹತ್ತಿರ ಇರುವುದರಿಂದ ಅವುಗಳ ಕಾಂತಶಕ್ತಿ ಒಂದೇ ದಿಕ್ಕಿಗೆ ತಿರುಗುವುದಿಲ್ಲ. ಮಿಶ್ರಲೋಹದಲ್ಲಿ ಅಂತರ ಹೆಚ್ಚಾಗುತ್ತದೆ, ಎಲ್ಲವೂ ಒಂದೇ ಕಡೆಗೆ ಸಾಲಾಗುತ್ತವೆ.

ಎಲೆಯೊಳಗೂ ಹೀಗೊಂದು ಭೇಟಿ ಇದೆ. ಕ್ಲೋರೋಫಿಲ್ ಕಣದ ನಟ್ಟನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿರುತ್ತದೆ. ಕ್ಲೋರೋಫಿಲ್‌ನ ರಚನೆ ಬಿಡಿಸಲು ದಾರಿ ಮಾಡಿದ ರಿಷರ್ಡ್ ವಿಲ್‌ಸ್ಟೆಟರ್‌ಗೆ 1915ರ ನೊಬೆಲ್ ಬಹುಮಾನ ಬಂತು. ಸೊಪ್ಪು ಜಾಸ್ತಿ ಬೇಯಿಸಿದಾಗ ಹಸಿರು ಮಂಕಾಗಿ ಕಂದು ತಿರುಗುವುದು ಆ ಮೆಗ್ನೀಸಿಯಂ ಜಾಗ ಬಿಟ್ಟು ಹೋಗುವುದರಿಂದ. ಬೆಳಕು ಹಿಡಿಯುವ ಕೆಲಸ ಕ್ಲೋರೋಫಿಲ್‌ನದು. ಹಿಡಿದ ಶಕ್ತಿಯಿಂದ ನೀರನ್ನು ಒಡೆದು ಆಕ್ಸಿಜನ್ ಬಿಡುವ ಕೆಲಸವನ್ನು ಬೇರೊಂದು ಪುಟ್ಟ ಗುಂಪು ಮಾಡುತ್ತದೆ. ಅದರಲ್ಲಿ ಇರುವುದು ನಾಲ್ಕು ಮ್ಯಾಂಗನೀಸ್ ಪರಮಾಣು, ಒಂದು ಕ್ಯಾಲ್ಸಿಯಂ. ಪೋಷಕಾಂಶ ಕಡಿಮೆಯಾದ ಗಿಡದಲ್ಲಿ ಇವೆರಡರ ಕೊರತೆಯೂ ಎಲೆ ಹಳದಿಯಾಗಿಯೇ ಕಾಣುತ್ತದೆ. ಮೆಗ್ನೀಸಿಯಂ ಕೊರತೆ ಮೊದಲು ಹಳೆಯ, ಕೆಳಗಿನ ಎಲೆಗಳಲ್ಲಿ ತೋರುತ್ತದೆ. ಗಿಡ ಅದನ್ನು ಹಳೆಯ ಎಲೆಯಿಂದ ಎತ್ತಿ ಚಿಗುರಿಗೆ ಕಳಿಸುತ್ತದೆ. ಮ್ಯಾಂಗನೀಸ್ ಅಷ್ಟು ಸುಲಭವಾಗಿ ಜಾಗ ಬದಲಿಸುವುದಿಲ್ಲ, ಅದರ ಕೊರತೆ ಎಳೆ ಎಲೆಗಳಲ್ಲಿ ಮೊದಲು ಕಾಣುತ್ತದೆ. ಗೊಬ್ಬರ ಹಾಕುವವರು ಇದನ್ನು ನೋಡಿಯೇ ಯಾವುದು ಬೇಕೆಂದು ತೀರ್ಮಾನಿಸುವುದು ಒಳ್ಳೆಯದು.

ಮನುಷ್ಯರ ದೇಹಕ್ಕೂ ಎರಡೂ ಬೇಕು, ಆದರೆ ಪ್ರಮಾಣದಲ್ಲಿ ಅಜಗಜಾಂತರ. ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಮ್ಯಾಂಗನೀಸ್ 10ರಿಂದ 20 ಮಿಲಿಗ್ರಾಂ ಅಷ್ಟೆ. ದಿನಕ್ಕೆ ಬೇಕಾದ ಮೆಗ್ನೀಸಿಯಂ 300ರಿಂದ 400 ಮಿಲಿಗ್ರಾಂ, ಮ್ಯಾಂಗನೀಸ್ ಬರೀ 2 ಮಿಲಿಗ್ರಾಂ ಆಸುಪಾಸು. ಮ್ಯಾಂಗನೀಸ್ ಅತಿಯಾದರೆ ಮಿದುಳಿಗೆ ಪೆಟ್ಟು. 1837ರಲ್ಲಿ ಗ್ಲಾಸ್ಗೋದ ವೈದ್ಯ ಜಾನ್ ಕೂಪರ್ ಇದನ್ನು ಮೊದಲು ವರ್ಣಿಸಿದರು. ಕ್ಲೋರಿನ್ ತಯಾರಿಗೆಂದು ಕರಿ ಪುಡಿಯನ್ನು ಅರೆಯುತ್ತಿದ್ದ ಕೆಲಸಗಾರರ ಕಾಲಿನ ಬಲ ಕುಂದಿತ್ತು, ನಡಿಗೆ ತಪ್ಪಿತ್ತು, ಮಾತು ಕ್ಷೀಣಿಸಿತ್ತು. ವೆಲ್ಡಿಂಗ್ ಹೊಗೆಯಲ್ಲೂ ಮ್ಯಾಂಗನೀಸ್ ಇರುವುದರಿಂದ ಆ ಎಚ್ಚರಿಕೆ ಈಗಲೂ ಬೇಕು.

ಹಾಗಾಗಿ ಮಾತ್ರೆಯ ಡಬ್ಬಿ ಕೊಳ್ಳುವಾಗ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಓದಿ. ಇಂಗ್ಲಿಷಿನಲ್ಲಿ ದೊಡ್ಡ ಎಂ ಪಕ್ಕ ಸಣ್ಣ ಜಿ ಇದ್ದರೆ ಮೆಗ್ನೀಸಿಯಂ, ಎರಡೂ ಸಣ್ಣಕ್ಷರವಾದರೆ ಮಿಲಿಗ್ರಾಂ, ದೊಡ್ಡ ಎಂ ಪಕ್ಕ ಸಣ್ಣ ಎನ್ ಇದ್ದರೆ ಮ್ಯಾಂಗನೀಸ್. ಇನ್ನೊಂದು ವಿಷಯ, ಡಬ್ಬಿಯ ಮೇಲಿನ ತೂಕ ಸಂಯುಕ್ತದ್ದೋ ಲೋಹದ್ದೋ ನೋಡಿಕೊಳ್ಳಿ. ಮೆಗ್ನೀಸಿಯಂ ಆಕ್ಸೈಡ್‌ನ ತೂಕದಲ್ಲಿ ಮೆಗ್ನೀಸಿಯಂ ಪಾಲು 60 ಶೇಕಡ. 400 ಮಿಲಿಗ್ರಾಂ ಆಕ್ಸೈಡ್ ಎಂದಿದ್ದರೆ ಅದರಲ್ಲಿರುವ ಮೆಗ್ನೀಸಿಯಂ ಸುಮಾರು 240 ಮಿಲಿಗ್ರಾಂ. ಮೂತ್ರಪಿಂಡದ ತೊಂದರೆ ಇರುವವರ ದೇಹ ಹೆಚ್ಚಿನ ಮೆಗ್ನೀಸಿಯಂ ಅನ್ನು ಹೊರಹಾಕಲಾರದು. ಅವರು ವೈದ್ಯರನ್ನು ಕೇಳದೆ ಮೆಗ್ನೀಸಿಯಾ ಹಾಲು, ಎಪ್ಸಮ್ ಉಪ್ಪು ಎರಡನ್ನೂ ಕುಡಿಯಬಾರದು.